ಹೊರಗಿನಿಂದ ಚೆನ್ನಾಗೇ ಕಾಣುವ ರೇಡಿಯೇಟರ್ ಹೋಸ್ ಬದಲಿಸಬೇಕಾ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ 11 ವರ್ಷ. 95,000 ಕಿ.ಮೀ. ಓಡಿದೆ. ವಾಟರ್ ಪಂಪ್ ಸೋರುತ್ತಿದೆ ಅಂತ ತೋರಿಸಿದಾಗ ಮೆಕ್ಯಾನಿಕ್, "ಹೇಗೂ ಕೂಲೆಂಟ್ ಇಳಿಸ್ತೀವಿ, ಹೋಸ್‌ಗಳನ್ನೂ ಎಲ್ಲಾ ಬದಲಿಸಿಬಿಡಿ" ಅಂದರು. ನೋಡಿದರೆ ಹೋಸ್‌ಗಳು ಕಪ್ಪಗೆ ಹೊಸದರ ಹಾಗೇ ಇವೆ. ಬಿರುಕಿಲ್ಲ, ಸೋರಿಕೆ ಇಲ್ಲ. ಇದು ಸುಮ್ನೆ ಬಿಲ್ ಏರಿಸೋ ಮಾತಾ? ಬದಲಿಸಲೇಬೇಕು ಅಂದರೆ ಮನೆಯಲ್ಲಿ ನಾನೇ ಮಾಡಬಹುದಾ? ಸಿಲಿಕೋನ್ ಹೋಸ್ ಹಾಕಿದರೆ ಮತ್ತೆ ತಲೆನೋವೇ ಇರಲ್ಲ ಅಂತ ಗೆಳೆಯರು ಹೇಳುತ್ತಾರೆ, ನಿಜವಾ?

ಉತ್ತರ: ನಿಮ್ಮ ಮೆಕ್ಯಾನಿಕ್ ಬಿಲ್ ಏರಿಸುತ್ತಿಲ್ಲ. ಅವರ ಮಾತು ಕೇಳಿ. ಪಂಪ್ ಬಿಚ್ಚಬೇಕಾದರೆ ಎಂಜಿನ್ ತಂಪಾಗಿಡುವ ದ್ರವವನ್ನು, ಅಂದರೆ ಕೂಲೆಂಟನ್ನು, ಇಳಿಸಲೇಬೇಕು, ಒಂದೆರಡು ಹೋಸ್‌ಗಳ ತುದಿ ಕಳಚಲೇಬೇಕು. ಹನ್ನೊಂದು ವರ್ಷ ಒಂದೇ ಕಡೆ ಅಂಟಿ ಕೂತ ರಬ್ಬರನ್ನು ಎಳೆದು ತೆಗೆದು ಮತ್ತೆ ಅಲ್ಲೇ ಕೂರಿಸಿದರೆ ಮೊದಲಿನ ಬಿಗಿ ಬರುವುದು ಕಷ್ಟ. ಅದೂ ಅಲ್ಲದೆ ಆರು ತಿಂಗಳ ನಂತರ ಯಾವುದೋ ಹೋಸ್ ಒಡೆದರೆ, ಈಗ ಹಾಕುವ ಹೊಸ ಕೂಲೆಂಟೂ ರಸ್ತೆ ಪಾಲು, ಕೂಲಿಯೂ ಎರಡನೇ ಸಲ.

ಇನ್ನು "ನೋಡೋಕೆ ಹೊಸದರ ಹಾಗೇ ಇದೆ" ಅನ್ನೋ ಮಾತು. ಹೋಸ್ ವಿಷಯದಲ್ಲಿ ನಾನು ಕಣ್ಣನ್ನು ಅಷ್ಟಾಗಿ ನಂಬುವುದಿಲ್ಲ. ಯಾಕಂದರೆ ಈಗಿನ ಹೋಸ್‌ಗಳು ಹಾಳಾಗುವುದು ಹೆಚ್ಚಾಗಿ ಒಳಗಿನಿಂದ.

ಕಾರುಗಳಲ್ಲಿ ಬರುವ ಮಾಮೂಲು ಹೋಸ್ ಇಪಿಡಿಎಂ ಅನ್ನುವ ರಬ್ಬರಿನದು. ಒಳಗೊಂದು ಪದರ, ಹೊರಗೊಂದು ಪದರ, ನಡುವೆ ಗಟ್ಟಿ ನೂಲಿನ ಹೆಣಿಗೆ. ಒತ್ತಡ ತಡೆಯುವುದು ಈ ನೂಲು. ರಬ್ಬರ್ ಬರೀ ನೀರು ಆಚೆ ಬರದಂತೆ ನೋಡಿಕೊಳ್ಳುತ್ತದೆ. ಎಂಜಿನ್ನಿನಲ್ಲಿ ಅಲ್ಯೂಮಿನಿಯಂ, ಎರಕದ ಕಬ್ಬಿಣ ಹೀಗೆ ಬೇರೆ ಬೇರೆ ಲೋಹಗಳಿವೆ. ಅವುಗಳ ನಡುವೆ ಕೂಲೆಂಟ್ ಓಡಾಡುವಾಗ ಸಣ್ಣದೊಂದು ಬ್ಯಾಟರಿಯೇ ಆಗಿಬಿಡುತ್ತದೆ. ಆ ಸಣ್ಣ ಕರೆಂಟು ವರ್ಷಗಟ್ಟಲೆ ಹರಿದು ಹರಿದು ಹೋಸ್‌ನ ಒಳಪದರದಲ್ಲಿ ಉದ್ದುದ್ದಕ್ಕೆ ಕೂದಲೆಳೆಯಂಥ ಬಿರುಕುಗಳನ್ನು ಮಾಡುತ್ತದೆ. ಬಿರುಕಿನಿಂದ ಕೂಲೆಂಟ್ ನೂಲಿಗೆ ಇಳಿಯುತ್ತದೆ. ಬಿಸಿ ಕೂಲೆಂಟಿನಲ್ಲಿ ನೆನೆದ ನೂಲು ಬಲ ಕಳೆದುಕೊಳ್ಳುತ್ತದೆ. ಒಂದು ದಿನ ಏರು ದಾರಿಯಲ್ಲೋ ಟ್ರಾಫಿಕ್ಕಿನಲ್ಲೋ ಒತ್ತಡ ಏರಿದಾಗ ಹೋಸ್ ಸೀಳಿಕೊಳ್ಳುತ್ತದೆ. ಹಿಂದಿನ ದಿನದವರೆಗೂ ಹೊರಗಿನ ಕಪ್ಪು ಹೊಳಪು ಹಾಗೇ ಇರುತ್ತದೆ.

ಹಾಗಾಗಿ ಕೈಯಿಂದ ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತ ಗಾಡಿಯಾದರೆ ಒಳ್ಳೆಯದು. ಮೊದಲು ಬಾನೆಟ್ ತೆಗೆದ ಕೂಡಲೇ ಕಾಣುವ ಮೇಲಿನ ದಪ್ಪ ಹೋಸ್‌ನ ನಡುಭಾಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಸುಕಿ. ಆ ಹದವನ್ನು ನೆನಪಿಟ್ಟುಕೊಳ್ಳಿ. ಈಗ ಹೋಸ್‌ನ ತುದಿಯನ್ನು ಬಿಗಿಹಿಡಿದ ಕ್ಲಿಪ್ ಹತ್ತಿರ ಬನ್ನಿ, ತುದಿಯಿಂದ ಒಂದೆರಡು ಅಂಗುಲದ ಒಳಗೆ. ಇಡೀ ಕೈಯಿಂದ ಅಲ್ಲ, ಎರಡೇ ಬೆರಳಿನ ತುದಿಯಿಂದ ಹಿಸುಕಿ, ಸುತ್ತಲೂ ಸ್ವಲ್ಪ ಸ್ವಲ್ಪ ತಿರುಗುತ್ತಾ ಬನ್ನಿ. ನಡುವಿನಷ್ಟೇ ಬಿಗಿ ಇದ್ದರೆ ಸರಿ. ತುದಿ ಮಾತ್ರ ಮೆತ್ತಗೆ ಅನಿಸಿದರೆ, ಅಥವಾ ಬೆರಳಿನ ಕೆಳಗೆ ಒಳಗಡೆ ಸಣ್ಣ ಗೀರು, ಕಾಲುವೆ ಇದ್ದಂತೆ ತಾಕಿದರೆ ಆ ಹೋಸ್ ಕಥೆ ಮುಗಿದಿದೆ. ಬಿರುಕುಗಳು ಮೊದಲು ಕಾಣಿಸಿಕೊಳ್ಳುವುದು ಹೀಗೆ ತುದಿಗಳಲ್ಲೇ.

ಬೇರೆ ಲಕ್ಷಣಗಳೂ ಇವೆ, ಅವು ಸುಲಭ. ಹಿಸುಕಿದಾಗ ಕರಕರ ಅಂದು ಮರದ ಹಾಗೆ ಗಟ್ಟಿಯಾಗಿದ್ದರೆ ಬಿಸಿಗೆ ಬೆಂದಿದೆ ಅಂತ ಅರ್ಥ. ಒಂದು ಕಡೆ ಊದಿಕೊಂಡು ಸ್ಪಂಜಿನಂತಾಗಿದ್ದರೆ ಎಣ್ಣೆ ತಾಗಿದೆ. ಇಪಿಡಿಎಂಗೆ ಬಿಸಿ ಅಭ್ಯಾಸ, ಆದರೆ ಎಂಜಿನ್ ಆಯಿಲ್ ಆಗಿಬರುವುದಿಲ್ಲ. ಅಂಥ ಕಡೆ ಹೋಸ್ ಬದಲಿಸಿ ಮೇಲಿನ ಆಯಿಲ್ ಸೋರಿಕೆ ಹಾಗೇ ಬಿಟ್ಟರೆ ಹೊಸ ಹೋಸೂ ಅದೇ ದಾರಿ ಹಿಡಿಯುತ್ತದೆ. ಕ್ಲಿಪ್ ಸುತ್ತ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಒಣಗಿದ ಹುಡಿ ಕಂಡರೆ ಅಲ್ಲಿ ಕೂಲೆಂಟ್ ಜಿನುಗುತ್ತಿದೆ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಹನಿ, ಬಿಸಿಯಾದ ಮೇಲೆ ಒಣ? ಆಗ ತಪ್ಪು ಕ್ಲಿಪ್‌ನದೂ ಇರಬಹುದು. ತಣ್ಣಗಾದಾಗ ಎಲ್ಲವೂ ಒಂದಿಷ್ಟು ಕುಗ್ಗುತ್ತದೆ, ಕ್ಲಿಪ್ ಕೂಡ ಅದರ ಜೊತೆ ಬಿಗಿಯಾಗದಿದ್ದರೆ ಸಂದಿ ಬೀಳುತ್ತದೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಎಷ್ಟೋ ಜನ ಇದಕ್ಕೆ ಸುಮ್ನೆ ಹೋಸ್ ಬದಲಿಸುತ್ತಾರೆ. ಗಾಡಿ ತಣ್ಣಗಾದ ಮೇಲೆ ಹೋಸ್ ಚಪ್ಪಟೆಯಾಗಿ ಒಳಗೆ ಹೀರಿಕೊಂಡಂತೆ ಕಂಡರೆ ಮೊದಲು ರೇಡಿಯೇಟರ್ ಮುಚ್ಚಳ ನೋಡಿ. ಮುಚ್ಚಳದಲ್ಲಿ ಎರಡು ವಾಲ್ವ್ ಇರುತ್ತವೆ. ಒಂದು ಒತ್ತಡ ಜಾಸ್ತಿಯಾದರೆ ಹೊರಗೆ ಬಿಡುತ್ತದೆ. ಇನ್ನೊಂದು ತಣ್ಣಗಾಗುವಾಗ ಪಕ್ಕದ ಕೂಲೆಂಟ್ ಡಬ್ಬಿಯಿಂದ ಕೂಲೆಂಟನ್ನು ವಾಪಸ್ ಒಳಗೆ ಬಿಡುತ್ತದೆ. ಈ ಎರಡನೆಯದು ಅಂಟಿಕೊಂಡರೆ ಒಳಗೆ ನಿರ್ವಾತವಾಗಿ ಹೋಸ್ ಕುಗ್ಗುತ್ತದೆ. ಹಾಗೆಯೇ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನ ಪಡಿ. ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ನುಗ್ಗುತ್ತಿರಬಹುದು. ಆಗ ಎಂಥ ಹೋಸ್ ಹಾಕಿದರೂ ಬಾಳುವುದಿಲ್ಲ.

ಎಷ್ಟು ವರ್ಷಕ್ಕೆ ಬದಲಿಸಬೇಕು? ನಾಲ್ಕು ವರ್ಷಕ್ಕೊಮ್ಮೆ ಅನ್ನುವ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಈಗಿನ ಒಳ್ಳೆಯ ಇಪಿಡಿಎಂ ಹೋಸ್‌ಗೆ ಅದು ತೀರಾ ಅವಸರ. ಐದನೇ ವರ್ಷದಿಂದ ಪ್ರತಿ ಸರ್ವಿಸ್‌ನಲ್ಲೂ ಮೇಲೆ ಹೇಳಿದಂತೆ ಹಿಸುಕಿ ನೋಡಿ. ಎಂಟರಿಂದ ಹತ್ತು ವರ್ಷದೊಳಗೆ ಏನೂ ಕಾಣದಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಇದು ನನ್ನ ಲೆಕ್ಕ. ಕಿ.ಮೀ. ಕಡಿಮೆ ಓಡಿದೆ ಅಂತ ಸಮಾಧಾನ ಪಡಬೇಡಿ, ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ. ಕೂಲೆಂಟ್ ವರ್ಷಾನುಗಟ್ಟಲೆ ಬದಲಿಸದ, ಬರೀ ನಲ್ಲಿ ನೀರು ಹಾಕಿ ಓಡಿಸಿದ ಗಾಡಿಯಾದರೆ ಇನ್ನೂ ಬೇಗ. ಕೆಟ್ಟ ಕೂಲೆಂಟಿನಲ್ಲಿ ಕರೆಂಟು ಹೆಚ್ಚು ಸಲೀಸಾಗಿ ಹರಿಯುತ್ತದೆ. ಒಂದು ಹೋಸ್ ತಾನಾಗೇ ಹೋದರೆ ಉಳಿದವೂ ಅದೇ ವಯಸ್ಸಿನವು ಅನ್ನೋದನ್ನು ಮರೀಬೇಡಿ.

"ಎಲ್ಲವನ್ನೂ" ಅಂದರೆ ಯಾವುವು? ಬಾನೆಟ್ ತೆಗೆದ ಕೂಡಲೇ ಕಾಣುವುದು ಮೇಲಿನ ದಪ್ಪ ಹೋಸ್. ಹೆಚ್ಚಿನ ಕಾರುಗಳಲ್ಲಿ ಎಂಜಿನ್ನಿನ ಬಿಸಿ ಕೂಲೆಂಟ್ ರೇಡಿಯೇಟರಿಗೆ ಹೋಗುವುದು ಇದರಲ್ಲಿ. ಕೆಳಗಿನದು ತಂಪಾದ ಕೂಲೆಂಟನ್ನು ಪಂಪಿಗೆ ತರುತ್ತದೆ. ಪಂಪ್ ಹೀರುವ ಕಡೆ ಇರುವುದರಿಂದ ಇದು ಮೆತ್ತಗಾದರೆ ಜೋರಾಗಿ ಓಡಿಸುವಾಗ ಒಳಕ್ಕೆ ಕುಗ್ಗಿ ದಾರಿ ಮುಚ್ಚಬಹುದು. ಅದಕ್ಕೇ ಕೆಲವು ಕೆಳ ಹೋಸ್‌ಗಳ ಒಳಗೆ ತಂತಿಯ ಸ್ಪ್ರಿಂಗ್ ಇರುತ್ತದೆ. ಹಳೆಯದರಲ್ಲಿ ಸ್ಪ್ರಿಂಗ್ ಇದ್ದರೆ ಹೊಸದರಲ್ಲೂ ಇದೆಯಾ ನೋಡಿಕೊಳ್ಳಿ.

ಈ ಎರಡನ್ನೂ ಎಲ್ಲರೂ ಬದಲಿಸುತ್ತಾರೆ. ಮರೆತು ಹೋಗುವುದು ಸಣ್ಣವು. ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ವಾಲ್ವ್) ಮತ್ತು ಪಂಪ್ ನಡುವೆ ಬೆರಳುದ್ದದ ಬೈಪಾಸ್ ಹೋಸ್ ಇರಬಹುದು. ಹೀಟರಿಗೆ ಹೋಗುವ ಎರಡು ಹೋಸ್ ಎಂಜಿನ್ ಹಿಂದಿನ ಲೋಹದ ಗೋಡೆ ದಾಟಿ ಕಾರಿನೊಳಗೆ ಹೋಗಿರುತ್ತವೆ. ಥ್ರಾಟಲ್ ಬಾಡಿಗೆ, ಆಯಿಲ್ ಕೂಲರಿಗೆ, ಕೂಲೆಂಟ್ ಡಬ್ಬಿಗೆ ಹೋಗುವ ತೆಳು ಪೈಪುಗಳೂ ಇರುತ್ತವೆ. ಥರ್ಮೋಸ್ಟ್ಯಾಟ್ ಮುಚ್ಚಿದ್ದಾಗ ಮುಖ್ಯ ಹೋಸ್‌ಗಳಲ್ಲಿ ಕೂಲೆಂಟ್ ಹೆಚ್ಚುಕಮ್ಮಿ ನಿಂತಿರುತ್ತದೆ, ಬೈಪಾಸ್‌ನಲ್ಲಿ ಮಾತ್ರ ಸ್ಟಾರ್ಟ್ ಮಾಡಿದಾಗಿನಿಂದ ಓಡುತ್ತಲೇ ಇರುತ್ತದೆ. ಇರುವುದೂ ಎಂಜಿನ್ನಿನ ಬಿಸಿ ಜಾಗದಲ್ಲಿ. ಕೈ ಹೋಗದ ಇಂಥ ಹೋಸ್‌ಗಳೇ ದಾರಿಯಲ್ಲಿ ಜಾಸ್ತಿ ಕೈಕೊಡುತ್ತವೆ. ಹಾಗಾಗಿ ಮೆಕ್ಯಾನಿಕ್‌ಗೆ "ಹೋಸ್ ಬದಲಿಸಿ" ಅಂತಷ್ಟೇ ಹೇಳಬೇಡಿ. ಬೈಪಾಸ್, ಹೀಟರ್ ಹೋಸ್ ಕೂಡ ಅಂತ ಬಿಡಿಸಿ ಹೇಳಿ, ಹಳೆಯವನ್ನು ಇಟ್ಟಿರಿ ಅಂತಲೂ ಹೇಳಿ. ಬಿಚ್ಚಿದ ಹೋಸ್‌ನ ತುದಿಯನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿದರೆ ಬಿರುಕುಗಳು ನಿಮಗೇ ಕಾಣಬಹುದು.

ಈಗ ನೀವೇ ಮಾಡಬಹುದಾ ಅನ್ನೋದು. ಮೇಲಿನ, ಕೆಳಗಿನ ಹೋಸ್ ಮಾಡಬಹುದು, ಕಷ್ಟವೇನಿಲ್ಲ. ಆದರೆ ನಿಮಗೆ ಪಂಪ್ ಹೇಗೂ ಬದಲಿಸಬೇಕು. ಎಷ್ಟೋ ಎಂಜಿನ್ನುಗಳಲ್ಲಿ ಅದಕ್ಕೆ ಟೈಮಿಂಗ್ ಬೆಲ್ಟ್ ಬಿಚ್ಚಬೇಕಾಗುತ್ತದೆ. ಹಾಗಾಗಿ ಈ ಸಲ ಗ್ಯಾರೇಜಿಗೇ ಬಿಡಿ. ಕೆಲಸ ಹೇಗೆ ನಡೆಯಬೇಕು ಅಂತ ತಿಳಿದಿದ್ದರೆ ಪಕ್ಕದಲ್ಲಿ ನಿಂತು ನೋಡುವಾಗ ಉಪಯೋಗಕ್ಕೆ ಬರುತ್ತದೆ, ಮುಂದೆ ಒಂದೇ ಹೋಸ್ ಬದಲಿಸುವಾಗಲೂ.

ಬಿಸಿ ಎಂಜಿನ್ ಮುಟ್ಟಬಾರದು, ಇದರಲ್ಲಿ ರಾಜಿ ಇಲ್ಲ. ಮುಚ್ಚಳ ಕೂಲೆಂಟನ್ನು ಸುಮಾರು 1 ಬಾರ್ ಒತ್ತಡದಲ್ಲಿ ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ಬರೀ ನೀರೂ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಮುಚ್ಚಳ ತೆಗೆದ ಗಳಿಗೆಯಲ್ಲೇ ಒತ್ತಡ ಬೀಳುತ್ತದೆ, ಒಳಗಿದ್ದದ್ದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಬಿಚ್ಚಿಡಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗುತ್ತದೆ.

ರೇಡಿಯೇಟರಿನ ಕೆಳಗೆ ಡ್ರೈನ್ ತಿರುಪು ಇದ್ದರೆ ಅದರಿಂದ ಕೂಲೆಂಟ್ ಇಳಿಸಿ. ಹಳೆಯ ಪ್ಲಾಸ್ಟಿಕ್ ತಿರುಪು ಮುರಿಯುವ ಹಾಗಿದ್ದರೆ ಅದರ ತಂಟೆಗೆ ಹೋಗದೆ ಕೆಳಗಿನ ಹೋಸ್ ಬಿಚ್ಚಿ. ಅಗಲ ಬಾಯಿಯ ಪಾತ್ರೆ ಇಡಿ, ನೆಲಕ್ಕೆ ಬಿದ್ದದ್ದನ್ನು ಕೂಡಲೇ ಒರೆಸಿ ತೊಳೆಯಿರಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸಾಯಬಹುದು, ಮಕ್ಕಳಿಗೂ ಅಪಾಯ. ಚರಂಡಿಗೂ ಸುರಿಯಬೇಡಿ.

ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕಾರು ಫೋಟೊ ತೆಗೆಯಿರಿ. ಹೋಸ್ ಯಾವ ಕಡೆ ಬಾಗಿದೆ, ಕ್ಲಿಪ್‌ನ ಕಿವಿ ಯಾವ ಕಡೆಗಿದೆ, ಹೋಸ್ ಮೇಲೆ ಬಣ್ಣದ ಗುರುತಿದ್ದರೆ ಅದು ಯಾವುದಕ್ಕೆ ಎದುರಾಗಿದೆ, ಎಲ್ಲ ಕಾಣಬೇಕು.

ಇಡೀ ಕೆಲಸದಲ್ಲಿ ಎಡವಟ್ಟಾಗುವುದು ಹಳೆಯ ಹೋಸ್ ಎಳೆಯುವಾಗ. ಈಗಿನ ರೇಡಿಯೇಟರುಗಳ ನಡುಭಾಗ ಅಲ್ಯೂಮಿನಿಯಂ, ಎರಡೂ ಬದಿಯ ಟ್ಯಾಂಕ್ ಪ್ಲಾಸ್ಟಿಕ್. ಹೋಸ್ ಕೂರುವ ಕುತ್ತಿಗೆಯೂ ಅದೇ ಪ್ಲಾಸ್ಟಿಕ್. ಹತ್ತು ವರ್ಷ ಬೆಂದ ಮೇಲೆ ಅದು ಹಪ್ಪಳದ ಹಾಗೆ ಮುರಿಯುತ್ತದೆ. ಹೋಸ್ ಬರಲಿಲ್ಲ ಅಂತ ದೊಡ್ಡ ಇಕ್ಕಳದಲ್ಲಿ ಹಿಡಿದು ತಿರುಚಿದರೆ, ಇಲ್ಲವೇ ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಹೋಸ್ ಜೊತೆ ಕುತ್ತಿಗೆಯೂ ಕೈಗೆ ಬರುತ್ತದೆ. ಆಮೇಲೆ ರೇಡಿಯೇಟರ್ ಬದಲಿಸಬೇಕು. ಹೀಟರಿನ ಪೈಪುಗಳು ಇನ್ನೂ ನಾಜೂಕು. ಅವು ಒಳಗೆ ಮುರಿದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ.

ಹೇಗೂ ಎಸೆಯುವ ಹೋಸ್ ಅಲ್ವಾ, ಉಳಿಸಿಕೊಳ್ಳುವ ಆಸೆ ಯಾಕೆ? ಕ್ಲಿಪ್ ಹಿಂದೆ ಸರಿಸಿ, ಕುತ್ತಿಗೆಯ ಮೇಲಿರುವ ಭಾಗವನ್ನು ಚೂಪು ಬ್ಲೇಡಿನಿಂದ ಉದ್ದಕ್ಕೆ ಕೊಯ್ಯಿರಿ. ಒಂದೇ ಏಟಿಗೆ ಆಳಕ್ಕೆ ಇಳಿಸಬೇಡಿ. ಹಗುರವಾಗಿ ಮೂರ್ನಾಲ್ಕು ಸಲ ಎಳೆಯಿರಿ. ನೂಲಿನ ಹೆಣಿಗೆ ತುಂಡಾಗಿದ್ದು ಕೈಗೇ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಉಳಿದ ತೆಳು ಪದರವನ್ನು ಹೆಬ್ಬೆರಳಿನಿಂದ ತೆರೆದರೆ ಹೋಸ್ ಬಾಯಿ ಬಿಡುತ್ತದೆ. ಬ್ಲೇಡಿನ ಗೀರು ಕುತ್ತಿಗೆಯ ಮೇಲೆ ಬಿದ್ದರೆ ಹೊಸ ಹೋಸ್ ಹಾಕಿದರೂ ಅಲ್ಲಿಂದಲೇ ಜಿನುಗುತ್ತದೆ, ಅದಕ್ಕೇ ಇಷ್ಟು ತಾಳ್ಮೆ.

ಕುತ್ತಿಗೆಯ ಮೇಲೆ ಅಂಟಿದ ರಬ್ಬರ್ ಚೂರು, ಬಿಳಿ ಹುಡಿಯನ್ನು ಪಾತ್ರೆ ಉಜ್ಜುವ ಹಸಿರು ಪ್ಯಾಡಿನಿಂದ ಮೆಲ್ಲಗೆ ಉಜ್ಜಿ ತೆಗೆಯಿರಿ. ಅಲ್ಯೂಮಿನಿಯಂ ಕುತ್ತಿಗೆ ತುಕ್ಕು ತಿಂದು ಗುಂಡಿ ಬಿದ್ದಿದ್ದರೆ ಆ ಭಾಗವನ್ನೇ ಬದಲಿಸುವುದು ಮೇಲು.

ಹೊಸ ಹೋಸ್ ನಿಮ್ಮ ಗಾಡಿಗೇ ಅಂತ ಅಚ್ಚು ಹೊಯ್ದ ಆಕಾರದ್ದು ಇರಬೇಕು. ನೇರ ಪೈಪನ್ನು ಬಗ್ಗಿಸಿ ಹಾಕಿದರೆ ಬಾಗಿದ ಕಡೆ ಮಡಚಿಕೊಳ್ಳುತ್ತದೆ. ಪೆಟ್ರೋಲ್ ಪೈಪನ್ನು ಕೂಲೆಂಟಿಗೆ ಹಾಕುವವರೂ ಇದ್ದಾರೆ, ಬೇಡ. ಕೊಳ್ಳುವಾಗ ತಯಾರಾದ ತಾರೀಕು ಇದ್ದರೆ ನೋಡಿ. ಶೆಲ್ಫಿನಲ್ಲಿ ಎಂಟು ವರ್ಷ ಕೂತ ಹೋಸ್‌ಗೂ ವಯಸ್ಸಾಗಿರುತ್ತದೆ.

ಹೋಸ್ ಕುತ್ತಿಗೆಗೆ ಹತ್ತದಿದ್ದರೆ ಒಳಗೆ ಒಂದಿಷ್ಟು ಕೂಲೆಂಟ್ ಸವರಿ, ಸಾಕು. ಗ್ರೀಸು, ಎಂಜಿನ್ ಆಯಿಲ್, ವ್ಯಾಸಲೀನ್ ಯಾವುದೂ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಕ್ಲಿಪ್ಪನ್ನು ಹೋಸ್ ಮೇಲೆ ಮೊದಲೇ ತೂರಿಸಿಕೊಂಡಿರಿ, ಆಮೇಲೆ ಪರದಾಡಬೇಡಿ. ಕುತ್ತಿಗೆಯ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಇರುತ್ತದೆ. ಕ್ಲಿಪ್ ಕೂರಬೇಕಾದದ್ದು ಆ ಉಬ್ಬು ದಾಟಿ, ಹೋಸ್‌ನ ತುದಿಗೆ ಕೆಲವು ಮಿ.ಮೀ. ಮೊದಲು. ಉಬ್ಬಿನ ಮೇಲೇ ಕೂರಿಸಿದರೆ ಎಷ್ಟು ಬಿಗಿದರೂ ಜಾರುತ್ತದೆ.

ಗಾಡಿಯ ಜೊತೆ ಬಂದ ಸ್ಪ್ರಿಂಗ್ ಕ್ಲಿಪ್ಪನ್ನು ತೆಗೆದು ತಿರುಪಿನ ಕ್ಲಿಪ್ ಹಾಕುವುದು ಗ್ಯಾರೇಜುಗಳಲ್ಲಿ ಮಾಮೂಲು. ನನಗೆ ಸ್ಪ್ರಿಂಗ್‌ನದೇ ಇಷ್ಟ. ಹೋಸ್ ಹಿಗ್ಗಿದರೆ ತಾನೂ ಹಿಗ್ಗುತ್ತದೆ, ಕುಗ್ಗಿದರೆ ತಾನೂ ಬಿಗಿಯುತ್ತದೆ. ತುಕ್ಕು ಹಿಡಿಯದೆ, ಬಲ ಕಳೆದುಕೊಳ್ಳದೆ ಇದ್ದರೆ ಅದನ್ನೇ ಮತ್ತೆ ಹಾಕಿ. ತೆಗೆಯುವಾಗ ಕನ್ನಡಕ ಹಾಕಿಕೊಳ್ಳಿ, ಇಕ್ಕಳದಿಂದ ಜಾರಿದರೆ ಹಾರುತ್ತದೆ. ತಿರುಪಿನದೇ ಹಾಕುವುದಾದರೆ ಕೈ ಸ್ಕ್ರೂಡ್ರೈವರಿನಲ್ಲಿ ರಬ್ಬರ್ ಸ್ವಲ್ಪ ಅದುಮಿಕೊಳ್ಳುವಷ್ಟು ಬಿಗಿ ಸಾಕು. ಪಟ್ಟಿಯ ಸೀಳುಗಳಿಂದ ರಬ್ಬರ್ ಮೇಲೆದ್ದು ಬಂದರೆ ಜಾಸ್ತಿಯಾಯಿತು. ಪ್ಲಾಸ್ಟಿಕ್ ಕುತ್ತಿಗೆಗಂತೂ ಅದು ಅಪಾಯ.

ಕೂಲೆಂಟ್ ಯಾವುದು ಅನ್ನೋದನ್ನು ಗಾಡಿಯ ಪುಸ್ತಕ ನೋಡಿ ತೀರ್ಮಾನಿಸಿ, ಬಣ್ಣ ನೋಡಿ ಅಲ್ಲ. ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿಯವು ಬರುತ್ತವೆ. ನೀರು ಬೆರೆಸದ ಗಟ್ಟಿ ಕೂಲೆಂಟ್ ತಂದರೆ ಡಿಸ್ಟಿಲ್ಡ್ ವಾಟರ್ ಸೇರಿಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಡಿ. ಗಾಳಿ ಬಿಡುವ ತಿರುಪು ಇದ್ದರೆ ತೆರೆದಿಡಿ. ನಿಧಾನವಾಗಿ ಸುರಿಯಿರಿ, ನಡುನಡುವೆ ಮೇಲಿನ ಹೋಸ್ ಹಿಸುಕಿ. ಗುಳುಗುಳು ಅಂತ ಗಾಳಿ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಬ್ಯಾಟರಿ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿ, ನಿಮ್ಮ ಗಾಡಿಯ ಪುಸ್ತಕ ಹೇಳುವ ಕ್ರಮದಲ್ಲಿ ಗಾಳಿ ತೆಗೆಯಿರಿ. ಥರ್ಮೋಸ್ಟ್ಯಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗಬೇಕು, ಫ್ಯಾನ್ ಒಮ್ಮೆ ತಿರುಗಿ ನಿಲ್ಲಬೇಕು, ಹೀಟರಿನಿಂದ ಬಿಸಿ ಗಾಳಿ ಬರಬೇಕು. ಹೀಟರ್ ತಣ್ಣಗೇ ಇದ್ದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ (ಏರ್ ಲಾಕ್). ಮರುದಿನ ಬೆಳಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ, ಸಾಮಾನ್ಯವಾಗಿ ಸ್ವಲ್ಪ ಇಳಿದಿರುತ್ತದೆ. ಒಂದು ವಾರ ಕ್ಲಿಪ್‌ಗಳ ಸುತ್ತ ಕಣ್ಣಿಟ್ಟಿರಿ.

ಪಂಪ್ ರಿಪೇರಿಯಾಗುವವರೆಗೆ ಗಾಡಿ ಓಡಿಸಲೇಬೇಕಾದರೆ ಒಂದು ಎಚ್ಚರಿಕೆ. ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಬೇಡಿ. ಅದರ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಹೋಸ್ ಒಡೆದು ಎಲ್ಲಾ ಖಾಲಿಯಾದರೆ ಸೆನ್ಸರ್ ಸುತ್ತ ಇರುವುದು ಗಾಳಿ, ಆಗ ಮುಳ್ಳು ಸುಮ್ಮನೆ ನಡುವಿನಲ್ಲೇ ನಿಲ್ಲಬಹುದು, ಕೆಳಗೂ ಇಳಿಯಬಹುದು. ಬಾನೆಟಿನಿಂದ ಆವಿ, ಸಿಹಿ ವಾಸನೆ, ಇದ್ದಕ್ಕಿದ್ದಂತೆ ತಣ್ಣಗಾದ ಹೀಟರ್, ಇವುಗಳಲ್ಲಿ ಯಾವುದು ಕಂಡರೂ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಇನ್ನೊಂದೆರಡು ಕಿ.ಮೀ. ಅಷ್ಟೇ ಅಂತ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಹೋಸ್ ಸೀಳಿದ್ದು ಕ್ಲಿಪ್ ಹತ್ತಿರವಾಗಿ, ಉದ್ದ ಸಾಲುವಂತಿದ್ದರೆ, ಎಂಜಿನ್ ತಣ್ಣಗಾದ ಮೇಲೆ ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿ ಕ್ಲಿಪ್ ಹಾಕಿ, ನೀರು ತುಂಬಿಸಿ ಹತ್ತಿರದ ಗ್ಯಾರೇಜಿಗೆ ಮೆಲ್ಲಗೆ ಹೋಗಬಹುದು. ನಡುವೆ ಸೀಳಿದ್ದರೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪನ್ನು ಎಳೆದೆಳೆದು ಸುತ್ತಿದರೆ ಸ್ವಲ್ಪ ದೂರ ಸಾಗುತ್ತದೆ. ಮಾಮೂಲು ಇನ್ಸುಲೇಷನ್ ಟೇಪ್ ನಿಲ್ಲುವುದಿಲ್ಲ.

ಇನ್ನು ಸಿಲಿಕೋನ್ ಹೋಸ್. ಬಿಸಿ ಚೆನ್ನಾಗಿ ತಡೆಯುತ್ತದೆ, ಬಾಳಿಕೆಯೂ ಜಾಸ್ತಿ, ಒಳಗಿನ ಆ ಕರೆಂಟಿನ ಸವೆತ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಗೆಳೆಯರು ಹೇಳಿದ್ದು ಇಷ್ಟರ ಮಟ್ಟಿಗೆ ನಿಜ. ಆದರೆ ಅದರ ಮೈಯಿಂದ ನೀರಿನ ಆವಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತದೆ, ಸೋರಿಕೆ ಇಲ್ಲದೆಯೂ ಕೂಲೆಂಟ್ ಮಟ್ಟ ನಿಧಾನವಾಗಿ ಇಳಿಯಬಹುದು. ಎಣ್ಣೆ ಅದಕ್ಕೂ ಆಗದು. ಮೆತ್ತಗಿರುವುದರಿಂದ ಸೀಳುಪಟ್ಟಿಯ ಮಾಮೂಲು ಕ್ಲಿಪ್ ಅದನ್ನು ಕೊಯ್ಯುತ್ತದೆ, ಒಳಮೈ ನುಣುಪಾದ ಪಟ್ಟಿಯ ಕ್ಲಿಪ್ಪೇ ಬೇಕು. ರೇಸಿಗೆ ಓಡಿಸುವ ಗಾಡಿಗೆ, ಟರ್ಬೋ ಪಕ್ಕದ ಬಿಸಿ ಜಾಗಕ್ಕೆ ಸರಿ. ನಿಮ್ಮ ಗಾಡಿಗೆ ಒಳ್ಳೆಯ ಇಪಿಡಿಎಂ ಹೋಸ್ ಹಾಕಿಸಿ. ಸಿಲಿಕೋನ್‌ಗೆ ಅಂತ ಇಟ್ಟ ಹೆಚ್ಚಿನ ದುಡ್ಡಿನಲ್ಲಿ ಹೊಸ ಥರ್ಮೋಸ್ಟ್ಯಾಟ್, ಪುಸ್ತಕದಲ್ಲಿ ಹೇಳಿದ ಒತ್ತಡದ್ದೇ ಒಂದು ರೇಡಿಯೇಟರ್ ಮುಚ್ಚಳ ತರಿಸಿ, ಪಂಪ್ ಜೊತೆಗೇ ಹಾಕಿಸಿಬಿಡಿ.